ಹಿಮ್ಮಡಿಯ ಕೆಳಗಿನ ರಕ್ತ

ಓಟೀಲಿಯ ನನ್ನ ಪಕ್ಕದಲ್ಲಿ ಕೂತು ಓಮರೂರು ಪೇಟೆಗೆ ಬಂದ ಆ ಶನಿವಾರ ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅಷ್ಟು ಸಂತೋಷದ ಮಧ್ಯಾಹ್ನ ನನ್ನ ಬಾಳಿನಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ಅಷ್ಟು ಹೊಲಸಾದದ್ದೂ ಬಂದಿರಲಿಲ್ಲ.

ಜುಲೈ ತಿಂಗಳು, ಮೈ ಕೊರೆಯುವ ಗಾಳಿ. ಫಾರ್ಮಿನ ಪಿಕಪ್ಪಿನ ಹಿಂದೆ ಖಾಲಿ ಡೀಸೆಲ್ ಡ್ರಮ್ಮುಗಳ ನಡುವೆ ನಾವಿಬ್ಬರೇ, ಮೊಣಕಾಲ ಮೇಲೆ ಒಂದೇ ಕಂಬಳಿ. ಗುಂಡಿ ಬಂದು ಗಾಡಿ ಎಗರಿದಾಗಲೆಲ್ಲ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಗುಂಡಿ ಇಲ್ಲದ ಕಡೆಯೂ ಎರಡು ಸಲ ತಾಗಿತು.

"ಇವತ್ತು ನೀನು ಬರಲ್ಲ ಅಂದ್ಕೊಂಡಿದ್ದೆ," ಅಂದಳು. "ಬೇಟೆ ಇದ್ದ ದಿನ ನಿನ್ನ ಮಾತು ನಂಬಿದ್ರೆ ಕೆಟ್ಟೆ."

"ಬರ್ತೀನಿ ಅಂದಿದ್ನಲ್ಲ."

"ಅಬ್ಬಬ್ಬಾ, ಸತ್ಯವಂತ! ಮೂರು ವರ್ಷದಿಂದ ಚರ್ಮದ ಶೆಡ್ಡಿನ ಬಾಗಿಲಲ್ಲಿ ನಿಂತು ಕದ್ದು ನೋಡ್ತೀಯ. ನಾನೇನಾದ್ರೂ ಓರಿಕ್ಸ್ ಆಗಿದ್ರೆ ಮೊದಲನೇ ದಿನವೇ ನೀನು ಬೆನ್ನು ಹತ್ತಿರ್ತಿದ್ದೆ."

"ಓರಿಕ್ಸ್ ಆದ್ರೆ ಎರಡೇ ಕೊಂಬು. ನಿನ್ನ ಬಾಯಲ್ಲಿ ಇನ್ನೂ ಎಷ್ಟಿವೆಯೋ."

ಅವಳು ನಕ್ಕಳು. ನಕ್ಕಾಗ ಮೂಗಿನ ತುದಿ ಸುಕ್ಕಾಗುತ್ತದೆ, ಅದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ದಿನವೆಲ್ಲ ಚರ್ಮಕ್ಕೆ ಉಪ್ಪು ತಿಕ್ಕಿ ಒರಟಾದ ಅವಳ ಕೈ ಕಂಬಳಿಯ ಕೆಳಗೆ ಬಂದು ನನ್ನ ಕೈ ಹುಡುಕಿತು.

"ಇವತ್ತು ಏನೂ ಬೀಳ್ಲಿಲ್ವಂತೆ?" ಅಂತ ಕೇಳಿದಳು.

"ಇಲ್ಲ. ಅತಿಥಿಗೆ ಗುರಿ ತಪ್ಪಿತು."

"ಅಪ್ಪನೂ ಅದೇ ಅಂದ್ರು," ಅಂದವಳು ನನ್ನ ಬೆರಳುಗಳಿಗೆ ತನ್ನ ಬೆರಳು ಹೆಣೆದಳು. ನಾನು ರಸ್ತೆ ನೋಡುತ್ತಾ ಕೂತೆ.

ಗುರಿ ತಪ್ಪಿರಲಿಲ್ಲ.

ಅವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ನಾವು ನಾಲ್ಕು ಜನ ಒಣ ಹೊಳೆಯ ಆಚೆ ಬಯಲಿನಲ್ಲಿದ್ದೆವು. ಫಾರ್ಮಿನ ಒಡೆಯ ಯೋಖೆನ್, ಆಸ್ಟ್ರಿಯಾದಿಂದ ಬೇಟೆಗೆ ಬಂದಿದ್ದ ರಿಟೈರ್ಡ್ ಮಾಸ್ತರು ಪಿಖ್ಲರ್, ಜಾಡು ಹಿಡಿಯಲು ಊಪಾ ಎಲಿಫಾಸ್ ಮತ್ತು ನಾನು. ಊಪಾ ಅಂದರೆ ಅಜ್ಜ. ಓಟೀಲಿಯಳಿಗೆ ಮಾತ್ರ ಅಪ್ಪ, ಉಳಿದ ನಮಗೆಲ್ಲ ಅವರು ಊಪಾ. ಹದಿನೇಳು ವರ್ಷದ ದಡ್ಡನಾಗಿ ಬಂದ ನನಗೆ ಹೆಜ್ಜೆ ಓದಲು ಕಲಿಸಿದವರು. ಈಚೆಗೆ ಅವರ ಕಣ್ಣಿಗೆ ಸ್ವಲ್ಪ ಮಂಜು ಬಂದಿತ್ತು. ಅದು ಅವರಿಗೂ ನನಗೂ ಮಾತ್ರ ಗೊತ್ತು.

ಹನ್ನೆರಡು ಓರಿಕ್ಸ್‌ಗಳ ಹಿಂಡು, ಕತ್ತಿಯಂಥ ನೇರ ಕೊಂಬಿನ ದೊಡ್ಡ ಜಿಂಕೆಗಳು. ಮಾಸ್ತರು ಕೊನೆಯ ಗಂಡಿಗೆ ಗುಂಡು ಹಾರಿಸಿದರು. ಧೂಳೆದ್ದಿತು, ಹಿಂಡು ಓಡಿತು.

"ತಗಲಿದ ಸದ್ದು ಕೇಳಿಸ್ತು," ಅಂದರು ಮಾಸ್ತರು.

"ಮಣ್ಣಿಗೆ ಬಿದ್ದ ಸದ್ದೂ ಇರಬಹುದು," ಅಂದ ಯೋಖೆನ್. "ಇವರು ನೋಡಿ ಹೇಳ್ತಾರೆ."

ಊಪಾ ಎಡಕ್ಕೆ ಹೋದರು, ನಾನು ಬಲಕ್ಕೆ. ಮೂವತ್ತು ಹೆಜ್ಜೆ ನಡೆದಿರಬೇಕು, ಒಂದು ಪೊದೆಯ ಮರೆಯಲ್ಲಿ ಕಾಣಿಸಿತು. ಉಗುರಿನಗಲದ ರಕ್ತ, ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು. ಬಿಳಿ ಕೂದಲೆಂದರೆ ಕಾಲು. ಕಾಲಿಗೆ ತಗಲಿದ ಓರಿಕ್ಸನ್ನು ಹಿಂಬಾಲಿಸಿದರೆ ಸಂಜೆಯವರೆಗೂ ನಡೆಯಬೇಕು, ಒಮ್ಮೊಮ್ಮೆ ಮರುದಿನವೂ. ಪೇಟೆಗೆ ಹೋಗುವ ಪಿಕಪ್ಪು ಮೂರಕ್ಕೆ ಹೊರಡುತ್ತದೆ. ಹಿಂದಿನ ದಿನ ಓಟೀಲಿಯ ಹೇಳಿದ್ದಳು: "ಒಂದೇ ಸಲ ಕರೀತೀನಿ. ಬರದಿದ್ರೆ ಇನ್ನೊಂದು ಸಲ ಕರಿಯಲ್ಲ."

ನಾನು ಬಲಗಾಲಿನ ಹಿಮ್ಮಡಿಯನ್ನು ಆ ರಕ್ತ, ಕೂದಲುಗಳ ಮೇಲಿಟ್ಟು ಒಂದು ಸುತ್ತು ತಿರುಗಿಸಿದೆ. ಅಷ್ಟೇ. ಒಂದು ಉಸಿರಿನ ಕೆಲಸ.

"ಏನಾದ್ರೂ ಉಂಟೇನೋ ಹಿಸ್ಕಿಯಾ?" ಊಪಾ ಕೂಗಿದರು.

"ಇಲ್ಲ ಊಪಾ."

ಅವರು ಬಂದು ನನ್ನ ಪಕ್ಕ ಬಗ್ಗಿ ನೋಡಿದರು. ನಾನು ಕಾಲು ತೆಗೆಯಲಿಲ್ಲ. ಅಲ್ಲಿಂದ ಹಿಂಡಿನ ಹೆಜ್ಜೆ ಹಿಡಿದು ಇನ್ನೂರು ಮಾರು ನಡೆದೆವು, ಹನಿ ಸಿಗಲಿಲ್ಲ. ನಮ್ಮಲ್ಲಿ ಕೊನೆಯ ಮಾತು ಹಿರಿಯನದ್ದು. ಊಪಾ ಯೋಖೆನ್‌ನ ಮುಂದೆ ಟೋಪಿ ತೆಗೆದು, "ರಕ್ತ ಇಲ್ಲ ಬಾಸ್, ಗುರಿ ತಪ್ಪಿದೆ," ಅಂದರು. ನನ್ನ ಸುಳ್ಳನ್ನು ಅವರ ಬಾಯಿಂದ ಹೇಳಿಸಿಬಿಟ್ಟೆ. ಮಾಸ್ತರು ಬಂದೂಕಿನಿಂದ ತೋಟಾ ತೆಗೆಯುತ್ತಾ, "ಹಾಗಾದ್ರೆ ನನಗೇ ವಯಸ್ಸಾಯ್ತು," ಅಂದರು.

ಸೋಮವಾರ ಬೆಳಿಗ್ಗೆ ಯೋಖೆನ್ ಬೇಲಿ ನೋಡಲು ಹೋದವನು ಗುಡ್ಡದ ಕೆಳಗೆ ಒಂಟಿ ಓರಿಕ್ಸನ್ನು ಕಂಡ. ಮುಂಗಾಲು ಮುರಿದು ಚರ್ಮದಲ್ಲಿ ಜೋತಾಡುತ್ತಿತ್ತು. ಎರಡು ದಿನ, ಎರಡು ರಾತ್ರಿ ಮೂರು ಕಾಲಲ್ಲಿ ಕುಂಟಿದೆ. ಒಂದು ಗುಂಡಿನಲ್ಲಿ ಅದರ ಕಷ್ಟ ಮುಗಿಸಿ ಗಾಡಿಗೆ ಹಾಕಿಕೊಂಡು ಬಂದ.

ಶೆಡ್ಡಿನ ಮುಂದೆ ನಾವೆಲ್ಲ ನಿಂತಿದ್ದೆವು. ಯೋಖೆನ್ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದ: "ಊಪಾ, ನಲವತ್ತು ವರ್ಷದಲ್ಲಿ ನೀವು ರಕ್ತ ಕಾಣದೆ ಬಿಟ್ಟಿದ್ದು ಇದೇ ಮೊದಲು. ಕಣ್ಣಿಗೆ ಸಾಕಾಗಿದೆ ಅನ್ನಿಸುತ್ತೆ. ನಾಳೆಯಿಂದ ಗೇಟು ನೋಡಿಕೊಳ್ಳಿ."

ಊಪಾ ಗಾಡಿಯ ಹತ್ತಿರ ಹೋದರು. ಓರಿಕ್ಸ್‌ನ ಮುರಿದ ಕಾಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸವರಿದರು. ಆಮೇಲೆ ತಮ್ಮ ಕೈಯನ್ನು ಮುಖದ ಮುಂದೆ ಹಿಡಿದು, ಹತ್ತಿರ ತಂದು, ದೂರ ಒಯ್ದು ನೋಡಿಕೊಂಡರು. ಅವರು ನಂಬಿಬಿಟ್ಟಿದ್ದರು. ತಮ್ಮ ಕಣ್ಣೇ ಹೋಗಿದೆ ಅಂತ ನಂಬಿಬಿಟ್ಟಿದ್ದರು. ಆಗ ನಾನು ಬಾಯಿ ಬಿಡಬೇಕಿತ್ತು. ಬಾಯಿ ಒಣಗಿತ್ತು ಅನ್ನುವುದು ನೆಪ. ಬಿಡಲಿಲ್ಲ, ಅಷ್ಟೇ.

ಮಧ್ಯಾಹ್ನ ಓಟೀಲಿಯ ಶೆಡ್ಡಿನಲ್ಲಿ ಆ ಚರ್ಮಕ್ಕೆ ಉಪ್ಪು ತಿಕ್ಕುತ್ತಾ ಅಳುತ್ತಿದ್ದಳು. "ಊಟ ಮಾಡ್ತಿಲ್ಲ. ಗಂಜಿ ಮುಂದಿಟ್ರೆ, 'ಇದ್ರಲ್ಲಿ ಹುಳ ಇದ್ರೂ ನನಗೆ ಕಾಣಲ್ಲ' ಅಂತಾರೆ."

ನಾನು ಏನು ಹೇಳಿದೆ ಗೊತ್ತೇ? "ಪಾಪ, ವಯಸ್ಸಾಯ್ತಲ್ಲ," ಅಂದೆ.

ಅವಳ ಕೈ ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಏನಿತ್ತೋ ಅವತ್ತು ತಿಳಿಯಲಿಲ್ಲ. "ನಾಳೆ ಬೆಳಿಗ್ಗೆ ನನ್ನ ಜೊತೆ ಆ ಜಾಗಕ್ಕೆ ಬಾ," ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. "ಅಲ್ಲೇನಿದೆ ನೋಡೋಕೆ?" ಅಂದೆ.

"ಬಾ ಅಂದ್ರೆ ಬಾ."

ಮಂಗಳವಾರ ಹೋದೆವು. ಅವಳು ಮುಂದೆ, ನಾನು ಹಿಂದೆ. ತಲೆಗೆ ಕೆಂಪು ಬಟ್ಟೆ ಕಟ್ಟಿದ್ದಳು, ಕತ್ತಿನ ಹಿಂದೆ ಒಂದು ಕೂದಲ ಸುರುಳಿ ತಪ್ಪಿಸಿಕೊಂಡು ಹೊರಗೆ ಬಂದಿತ್ತು. ಬೇರೆ ದಿನವಾಗಿದ್ದರೆ ಅದನ್ನೇ ನೋಡಿಕೊಂಡು ಹತ್ತು ಮೈಲಿ ನಡೆಯುತ್ತಿದ್ದೆ. ಅವತ್ತು ನನ್ನ ಕಣ್ಣು ನನ್ನ ಬೂಟನ್ನು ಬಿಟ್ಟು ಮೇಲೇಳಲಿಲ್ಲ. ನಮ್ಮಲ್ಲಿ ಒಬ್ಬರ ಹೆಜ್ಜೆ ಒಬ್ಬರಿಗೆ ಮುಖದಷ್ಟೇ ಪರಿಚಯ. ನನ್ನ ಬಲಗಾಲಿನ ಬೂಟು ಹೊರಮಗ್ಗುಲಲ್ಲಿ ಸವೆದಿರುವುದು ಅಡುಗೆಯವಳಿಗೂ ಗೊತ್ತು. ಗಾಳಿ ಪೊದೆಯ ಮರೆಗೆ ಬೀಸುವುದಿಲ್ಲ, ಗುರುತು ಹಾಗೇ ಉಳಿದಿರುತ್ತದೆ. ರಕ್ತ ಅಳಿಸುವ ಬುದ್ಧಿವಂತಿಕೆಯಲ್ಲಿ ನನ್ನದೇ ರುಜು ಹಾಕಿ ಬಂದಿದ್ದೆ.

ಇನ್ನು ಹತ್ತು ಹೆಜ್ಜೆ ಇತ್ತು.

"ನಿಲ್ಲು ಓಟೀಲಿಯ," ಅಂದೆ. "ನಾನು ನೋಡಿದ್ದೆ. ರಕ್ತ ಇತ್ತು. ನಾನೇ ಹಿಮ್ಮಡಿ ಹಾಕಿ ಅಳಿಸಿದೆ."

ಅವಳು ತಿರುಗಲಿಲ್ಲ. "ಯಾಕೆ?"

"ಮೂರು ಗಂಟೆಗೆ ಪಿಕಪ್ಪು ಹೊರಡ್ತಿತ್ತು."

ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ.

"ನಿನ್ನೆ ಬೆಳಿಗ್ಗೆ ಗಾಡಿ ಬಂದ ತಕ್ಷಣ ನಾನೊಬ್ಬಳೇ ಇಲ್ಲಿಗೆ ಬಂದಿದ್ದೆ," ಅಂದಳು. "ನಿನ್ನ ಹಿಮ್ಮಡಿ ಗುರುತಿನ ಕೆಳಗೆ ಮಣ್ಣು ಕೆದಕಿ ನೋಡಿದೆ. ಮಧ್ಯಾಹ್ನ ಶೆಡ್ಡಿನಲ್ಲಿ ಹೇಳ್ತೀಯೇನೋ ಅಂತ ಕಾದೆ. ನೀನು ವಯಸ್ಸಾಯ್ತು ಅಂದೆ. ಇವತ್ತು ಎಷ್ಟು ದೂರ ಬಾಯಿ ಮುಚ್ಕೊಂಡು ಬರ್ತೀಯ ಅಂತ ನೋಡ್ತಿದ್ದೆ. ನಾಲ್ಕು ಮೈಲಿ ಬಂದೆ, ಹಿಸ್ಕಿಯಾ."

"ತಪ್ಪಾಯ್ತು."

"ನನ್ನ ಹತ್ರ ಯಾಕೆ ಹೇಳ್ತೀಯ? ಕಣ್ಣು ಕಳ್ಕೊಂಡಿದ್ದು ನಾನಲ್ಲ." ಆಗ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು. "ಶನಿವಾರ ಕಂಬಳಿ ಕೆಳಗೆ ನಾನು ನಿನ್ನ ಕೈ ಹಿಡಿದೆ. ಅಪ್ಪನ ಮಾನ ಕೊಟ್ಟು ಬಂದ ಕೈ ಅಂತ ಗೊತ್ತಿದ್ರೆ ಹಿಡೀತಿದ್ನಾ? ನನ್ನನ್ನೂ ಅದರಲ್ಲಿ ಸೇರಿಸಿಬಿಟ್ಟೆಯಲ್ಲೋ!"

ಅವಳು ನನ್ನನ್ನು ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋದಳು.

ನಮ್ಮ ಫಾರ್ಮಿನಲ್ಲಿ ಒಂದು ಪದ್ಧತಿ ಇದೆ. ಬಿದ್ದ ಪ್ರಾಣಿಯ ಮಾಂಸ ಹಂಚುವ ಮೊದಲು ಜಾಡು ಹಿಡಿದವನು ಎಲ್ಲರ ಮುಂದೆ ನಿಂತು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಜಾಡು ಹೇಳಬೇಕು. ಎಲ್ಲಿ ಕಂಡಿತು, ಎಲ್ಲಿ ತಪ್ಪಿತು, ಯಾಕೆ ತಪ್ಪಿತು, ಎಲ್ಲವನ್ನೂ. ನಡುವೆ ಮಾತಾಡುವ ಹಕ್ಕು ಹಿರಿಯನಿಗೆ ಮಾತ್ರ. ಬುಧವಾರ ಆ ಓರಿಕ್ಸ್‌ನ ಮಾಂಸ ಹಂಚುವ ದಿನ. ಜಾಡೇ ಹಿಡಿಯದ ಪ್ರಾಣಿಗೆ ಹೇಳುವುದೇನಿದೆ ಎಂದು ಎಲ್ಲರೂ ಸುಮ್ಮನಿದ್ದರು.

ನಾನು ಮುಂದೆ ಬಂದು ನಿಂತೆ. "ಜಾಡು ಹೇಳ್ತೀನಿ," ಅಂದೆ.

ಹೇಳಿದೆ. ಧೂಳು, ಮೂವತ್ತು ಹೆಜ್ಜೆ, ಉಗುರಗಲ ರಕ್ತ, ನಾಲ್ಕು ಬಿಳಿ ಕೂದಲು, ಹಿಮ್ಮಡಿ. ಒಂದನ್ನೂ ಬಿಡಲಿಲ್ಲ. ಯಾಕೆ ಅನ್ನುವಲ್ಲಿ, "ಪೇಟೆಗೆ ಹೋಗೋ ಆಸೆಗೆ," ಅಂದೆ. ಅವಳ ಹೆಸರು ತೆಗೆಯಲಿಲ್ಲ. ಯೋಖೆನ್‌ನ ಮುಖ ಕೆಂಪಾಯಿತು. ಮಾಸ್ತರು ಎದ್ದು ನಿಂತರು.

ಊಪಾ ಒಂದು ಕೈ ಎತ್ತಿ ಎಲ್ಲರನ್ನೂ ತಡೆದರು. "ಆ ರಕ್ತ ನನ್ನ ಎಡಕ್ಕಿತ್ತೋ, ಬಲಕ್ಕಿತ್ತೋ?"

"ನಿಮ್ಮ ಕಣ್ಣೆದುರೇ ಇತ್ತು ಊಪಾ. ನನ್ನ ಬೂಟಿನ ಕೆಳಗೆ."

"ಬೂಟಿನ ಕೆಳಗೆ," ಅಂದರು ಅವರು. ಇನ್ನೊಮ್ಮೆ ಅಂದರು. ನಗಲು ಹೊರಟವರು ಅತ್ತುಬಿಟ್ಟರು. "ಹಾಗಾದ್ರೆ ನಾನು ಬಿಟ್ಟಿಲ್ಲ! ಕೇಳಿದ್ಯಾ ಮಗಳೇ? ನನಗೆ ಮಂಜು, ಸರಿ. ಬೂಟಿನ ಕೆಳಗೆ ಇದ್ದದ್ದು ಹದ್ದಿಗೂ ಕಾಣಲ್ಲ!"

ನನ್ನ ಕಡೆ ನೋಡಿದಾಗ ಮಾತ್ರ ಅವರ ಮುಖ ಬಾಡಿತು. "ನಿನಗೆ ಓದೋಕೆ ಕಲಿಸಿದ್ದು ನಾನು," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊಪಾ ಬಯಲಿಗೆ ಮರಳಿದರು, ಗೇಟು ನನಗೆ ಬಂತು. ಒಂದು ಜೊತೆ ಕಣ್ಣಿಗಿಂತ ಎರಡು ಜೊತೆ ಕಣ್ಣು ವಾಸಿ ಎಂದು ಅವರು ಮಗಳನ್ನೇ ಜೊತೆಗೆ ಕೇಳಿ ಪಡೆದರು. ಓಟೀಲಿಯ ಉಪ್ಪು ಬಿಟ್ಟು ಜಾಡಿಗಿಳಿದಳು. ಬೆಳಿಗ್ಗೆ ಆರಕ್ಕೆ ಬೇಟೆಗಾಡಿ ಗೇಟಿಗೆ ಬರುತ್ತಿತ್ತು, ಮುಂದಿನ ಸೀಟಿನ ಮೇಲೆ ಕೆಂಪು ಬಟ್ಟೆಯ ತಲೆ.

"ಓಟೀಲಿಯ," ಅಂತ ಮೊದಲ ವಾರ ಕರೆದೆ.

"ಗೇಟು ತೆಗಿ," ಅಂದಳು.

ಎರಡನೇ ವಾರವೂ ಕರೆದೆ. "ಗೇಟು ತೆಗೆಯೋಕೂ ಪಿಕಪ್ಪು ಬರ್ಬೇಕಾ?" ಅಂದಳು. ಆಮೇಲೆ ನಾನು ಕರೆಯಲಿಲ್ಲ. ಗಾಡಿ ದೂರದಲ್ಲಿ ಕಂಡ ಕೂಡಲೇ ಸರಪಳಿ ಬಿಚ್ಚಿ, ತಲೆ ತಗ್ಗಿಸಿ ಪಕ್ಕಕ್ಕೆ ನಿಲ್ಲುತ್ತಿದ್ದೆ. ಊರಿಗೆ ಹೋಗಿಬಿಡು ಎಂದು ನೆಂಟರು ಹೇಳಿದರು. ಹೋದರೆ ಆ ಸುಳ್ಳೊಂದೇ ಅವಳ ನೆನಪಲ್ಲಿ ಉಳಿಯುತ್ತದೆ ಅನ್ನಿಸಿ ಹೋಗಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಸೆಪ್ಟೆಂಬರ್ ಕೊನೆಗೆ ಅವಳು ಒಬ್ಬಳೇ ಮುಂದೆ ನಡೆದು ಮೊದಲ ಪ್ರಾಣಿ ಹುಡುಕಿದಳು. ಕುಡು, ಸುರುಳಿ ಕೊಂಬಿನ ಭಾರೀ ಗಂಡು ಜಿಂಕೆ. ಮಾಂಸ ಹಂಚುವ ಹೊತ್ತಿಗೆ ಎಲ್ಲರೂ ಸೇರಬೇಕು, ನಾನೂ ಹೋಗಿ ಎಲ್ಲರ ಹಿಂದೆ ನಿಂತೆ. ಓಟೀಲಿಯ ಮುಂದೆ ಬಂದಳು. ಮೊಣಕಾಲವರೆಗೆ ಕೆಂಧೂಳು, ಮೊಣಕೈಗೆ ಮುಳ್ಳಿನ ಗೀರು. ಹೊಳೆಯ ಅಂಚು, ಒಣಹುಲ್ಲು, ಬಂಡೆ, ಎಲ್ಲವನ್ನೂ ಕ್ರಮವಾಗಿ ಹೇಳುತ್ತಾ ಬಂದವಳು ತಡೆದು ನಿಂತಳು.

"ಬಂಡೆ ದಾಟಿದ ಮೇಲೆ ಜಾಡು ತಪ್ಪಿದೆ. ಹೆಣ್ಣು ಕುಡುವಿನ ಹೆಜ್ಜೆ ಹಿಡಿದು ಅರ್ಧ ಗಂಟೆ ಸುಮ್ಮನೆ ನಡೆದೆ."

"ಯಾಕೆ ತಪ್ಪಿತು?" ಊಪಾ ಕೇಳಿದರು.

"ಯೋಚನೆ ಬೇರೆ ಕಡೆ ಇತ್ತು, ಅಪ್ಪ."

"ಎಲ್ಲಿತ್ತು?"

ಅವಳು ಕಾಲ ಬೆರಳು ನೋಡಿಕೊಂಡಳು. "ಗೇಟಿನ ಹತ್ರ."

"ಗೇಟಿನ ಹತ್ರ ಏನಿದೆ?" ಅಂದರು ಊಪಾ. ಕಣ್ಣು ಮಂಜಾದರೂ ತುಂಟತನಕ್ಕೇನೂ ಮಂಜು ಬಂದಿರಲಿಲ್ಲ. "ಎರಡು ಕಂಬ, ಒಂದು ಸರಪಳಿ."

"ಹಿಸ್ಕಿಯಾ ಇದ್ದಾನೆ."

ಎಲ್ಲರೂ ಹೋ ಎಂದು ನಕ್ಕರು. ಅವಳು ನಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ತಲೆ ಎತ್ತಿ, ಜನರ ನಡುವೆ ಹುಡುಕಿ, ನನ್ನನ್ನು ನೋಡಿದಳು. "ಅವನ ಮೇಲೆ ಕೋಪ ಇನ್ನೂ ಹೋಗಿಲ್ಲ," ಅಂದಳು. "ಆದ್ರೆ ಜಾಡು ತಪ್ಪಿದ್ದು ಅದಕ್ಕೇ. ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ಲ."

"ಹೇಳ್ಬೇಕು, ಹೇಳ್ಬೇಕು," ಅಂದರು ಊಪಾ. "ಮುಂದೆ? ಕುಡು ಎಲ್ಲಿ ಸಿಕ್ತು?"

ಅವಳು ಮುಂದುವರಿಸಿದಳು. ಎಲ್ಲರೂ ಕಿವಿಗೊಟ್ಟು ಕೇಳಿದರು, ನನ್ನ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ. ನಮ್ಮ ಮದುವೆಯಾಗಿ ಆರು ವರ್ಷವಾಯಿತು. ಆ ಕುಡು ಎಲ್ಲಿ ಸಿಕ್ಕಿತು ಅನ್ನುವುದು ನನಗೆ ಇನ್ನೂ ಗೊತ್ತಿಲ್ಲ. ಕೇಳಲು ನಾಚಿಕೆ.