ಪೆಟ್ರೋಲಿಗೆ ಬೆರೆಸಿದ ಎಣ್ಣೆ

ಎಂಜಿನ್ನಿಗೆ ಒಂದೂ ಮುಕ್ಕಾಲು ಲಕ್ಷ. ಅದನ್ನು ಮುಂಬೈಯಿಂದ ಕೋಟಕ್ಕೆ ತಂದ ಲಾರಿಗೆ ಹನ್ನೊಂದು ಸಾವಿರ. ಟರ್ಬೊ ಪೈಪು, ರೇಡಿಯೇಟರು, ಹೊಸ ಕ್ಲಚ್ಚು ಎಲ್ಲ ಸೇರಿ ಇನ್ನೊಂದು ಅರವತ್ತು ಸಾವಿರ. ಇಷ್ಟೆಲ್ಲ ಸುರಿದ ಮೇಲೆ ಕೋಟದ ಮೆಕ್ಯಾನಿಕ್ ಸುಜನ್‌ಗೆ ಗೊತ್ತಾಯಿತು, ಈ ಎಂಜಿನ್ನು ತಾನು ರಿಪೇರಿಗಿಟ್ಟುಕೊಂಡ ಹಳೇ ಕೆಂಪು ಕಾರಿನ ಗೇರ್‌ಬಾಕ್ಸಿಗೆ ಕೂಡುವುದೇ ಇಲ್ಲ!

ನಡುವೆ ಒಂದು ಉಕ್ಕಿನ ಪ್ಲೇಟು ಬೇಕು. ಬ್ರಹ್ಮಾವರದಿಂದ ಕುಂದಾಪುರದವರೆಗೆ ಕಬ್ಬಿಣ ಕಡೆಯುವ ಯಾವ ಲೇತಿನವರೂ ಅದಕ್ಕೆ ಕೈ ಹಾಕಲಿಲ್ಲ. ಕೊನೆಗೆ ಯಾರೋ ಉಪ್ಪುಂದದ ಶೀನನ ಹೆಸರು ಹೇಳಿದರು. ಮೀನುಗಾರರ ದೋಣಿ ಎಂಜಿನ್ ರಿಪೇರಿ ಮಾಡುವವರು.

ಅದು 2010ರ ನವೆಂಬರ್. ಸುಜನ್ ಹೋದಾಗ ಲೇತಿನ ಮುಂದೆ ನಿಂತಿದ್ದವಳು ಒಬ್ಬ ಹುಡುಗಿ. ಚೂಡಿದಾರದ ಮೇಲೆ ಖಾಕಿ ಅಂಗಿ, ಮೊಣಕೈವರೆಗೆ ಗ್ರೀಸು.

"ಶೀನಣ್ಣ ಇಲ್ಯಾ?"

"ಅಪ್ಪಯ್ಯನ ಕಣ್ಣಿನ ಆಪರೇಶನ್ ಆಯ್ತ್. ಎಂತ ಬೇಕಿತ್ತ್?"

"ಅವ್ರ ಹತ್ರವೇ ಮಾತಾಡ್ಕಿತ್ತ್."

"ಹಂಗಾರೆ ಎರಡ್ ತಿಂಗ್ಳ್ ಬಿಟ್ ಬನಿ."

ಅವಳು ತಿರುಗಿ ಲೇತು ಚಾಲೂ ಮಾಡಿದಳು. ಸುಜನ್ ಹೋಗಲಿಲ್ಲ. ಹತ್ತು ನಿಮಿಷ ನಿಂತ. ಕೊನೆಗೆ ತಾನು ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ಅಳತೆಯನ್ನು ಮೆಲ್ಲಗೆ ಅವಳ ಮುಂದಿಟ್ಟ. ಅವಳು ಸ್ಕೇಲು ಹಿಡಿದು ನೋಡಿದಳು.

"ಈ ತೂತು ಒಂದ್ ನೂಲ್ ಆಚೆ ಹೋಯ್ತ್. ಯಾರ್ ಅಳತೆ ತೆಗ್ದದ್ದ್?"

"ನಾನೇ."

"ಗೊತ್ತಾಯ್ತ್."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಆ ನಗು ನೋಡಿ ಶೀನನ ಮಗಳು ವಿನಯಾಳ ಕೈಯಲ್ಲಿದ್ದ ಸ್ಕೇಲು ಯಾಕೋ ಜಾರಿತು...

ಪ್ಲೇಟು ಒಂದರಿಂದ ಕೆಲಸ ಮುಗಿಯಲಿಲ್ಲ. ಶಾಫ್ಟು ಗಿಡ್ಡ ಮಾಡಬೇಕು, ಎಂಜಿನ್ ಕೂರುವ ಬ್ರಾಕೆಟ್ ಬೇರೆ ಮಾಡಬೇಕು, ಪ್ರತಿಯೊಂದಕ್ಕೂ ಲೇತು ಬೇಕು. ಆ ಕೆಂಪು ಸ್ಪೋರ್ಟ್ಸ್ ಕಾರನ್ನೇ ಕೋಟದಿಂದ ಕಟ್ಟಿ ಎಳೆದು ತಂದು ಶೀನನ ಅಂಗಳದಲ್ಲಿ ನಿಲ್ಲಿಸಿದರು.

ಕಾರು ಸುಜನ್‌ನದಲ್ಲ. ಮುಂಬೈಯಲ್ಲಿ ಮೂರು ಹೋಟೆಲಿರುವ ಅವನ ಸೋದರಮಾವ ಮಂಜಯ್ಯನವರದು. ಫೆಬ್ರವರಿಯಲ್ಲಿ ಅಲ್ಲಿ ಹಳೇ ಕಾರುಗಳ ಮೆರವಣಿಗೆ. ಅಷ್ಟರೊಳಗೆ ಕಾರು ಓಡಿದರೆ ಮುಂಬೈಯಲ್ಲಿ ಒಂದು ಗ್ಯಾರೇಜನ್ನೇ ಸುಜನ್ ಕೈಗೆ ಕೊಡುತ್ತೇನೆ ಎಂದಿದ್ದರು.

'ಅಂದ್ರೆ ಇದು ಓಡಿದ ದಿನ ಇವ್ರೂ ಹೋಗ್ತಾರೆ.' ವಿನಯಾ ಶಾಫ್ಟು ಕಡೆಯುತ್ತಾ ಲೆಕ್ಕ ಹಾಕಿದಳು. ಕೈ ಕಾರನ್ನು ಓಡಿಸಲು ದುಡಿಯುತ್ತಿತ್ತು, ಮನಸ್ಸು ಬೇರೆ ಏನನ್ನೋ ಕೇಳುತ್ತಿತ್ತು.

ಎಂಜಿನ್ನೂ ವಿಚಿತ್ರದ್ದು. ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ರೋಟರು ಒಳಗೆ ಗಿರಗಿರ ತಿರುಗುತ್ತದೆ. ಮೂಲೆಗಳ ತುದಿಯಲ್ಲಿ ತೆಳ್ಳಗಿನ ಲೋಹದ ಪಟ್ಟಿಗಳು ಗೋಡೆಗೆ ಉಜ್ಜುತ್ತಾ ಸುತ್ತುತ್ತವೆ.

ಡಿಸೆಂಬರಿನಲ್ಲಿ ಮೊದಲ ಸಲ ಅದು ಚಾಲೂ ಆದಾಗ ಶೀನ ಕಪ್ಪು ಕನ್ನಡಕದಲ್ಲೇ ಹೊರಗೆ ಬಂದರು.

"ಹ್ವಾಯ್, ಇದೆಂತ ಕಾರಾ, ವಿಮಾನವಾ?"

ಎಲ್ಲರೂ ನಕ್ಕರು. ಆದರೆ ಓಡಿಸಿದಾಗಲೆಲ್ಲ ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಎಣ್ಣೆ ಒಳಗೆ ಸೋರುತ್ತಿದೆ ಎಂದುಕೊಂಡ ಸುಜನ್, ರೋಟರಿನ ಕಡೆಗೆ ಎಣ್ಣೆ ಹೋಗುವ ಸಣ್ಣ ಪೈಪನ್ನು ಬೋಲ್ಟು ಹಾಕಿ ಮುಚ್ಚಿಬಿಟ್ಟ.

"ಇದೂ ನಮ್ ದೋಣಿ ಎಂಜಿನ್ ಹಾಂಗೆ ಎಣ್ಣಿ ಕುಡಿಯೂದೇ ಆಯ್ಕ್. ಮುಚ್ಚೂಕಾಗ" ಎಂದಳು ವಿನಯಾ.

"ಇದು ಕಾರು ಮಾರಾಯ್ತಿ, ನಿಮ್ಮ ದೋಣಿ ಅಲ್ಲ."

ಅವನು ತಮಾಷೆಗೇ ಹೇಳಿದ್ದು. ಅವಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ತಿರುಗಿ ಲೇತಿನ ಕಡೆ ಹೋದಳು.

ಆದರೆ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲು ತರುತ್ತಿದ್ದವಳು ಅವಳೇ. ದೋಣಿಯವರ ಮನೆಯಲ್ಲಿ ಪೆಟ್ರೋಲಿನ ಕ್ಯಾನು ಅಂದರೆ ಅದಕ್ಕೆ ಅಳತೆಯ ಎಣ್ಣೆ ಬೆರೆಸಿಯೇ ಇಡುವುದು. ಗಂಜಿಗೆ ಉಪ್ಪು ಹಾಕಿದಷ್ಟೇ ಸಹಜ. ಮೊದಲ ದಿನದಿಂದ ಹಾಗೇ ಮಾಡಿದ್ದಳು, ಪೈಪು ಮುಚ್ಚಿದ ಮೇಲೂ ಹಾಗೇ ಮಾಡಿದಳು. ಮೊದಲು ಹೇಳುವ ಯೋಚನೆಯೇ ಬಂದಿರಲಿಲ್ಲ, ಈ ಸಲ ಬೇಕೆಂದೇ ಹೇಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಸುಜನ್ ಪೆಟ್ರೋಲ್ ಫಿಲ್ಟರು ಬಿಚ್ಚಿದ. ಬೆರಳಿಗೆ ಜಿಡ್ಡು. ಬಟ್ಟಲಿಗೆ ಸುರಿದು ನೋಡಿದ. ಬಣ್ಣವೇ ಬೇರೆ.

"ಇದ್ರಲ್ಲಿ ಎಣ್ಣೆ ಯಾರ್ ಹಾಕಿದ್?"

"ನಾನ್."

"ಎಷ್ಟ್ ದಿನದಿಂದ?"

"ಸುರುವಿಂದ."

ಅವನು ಬಟ್ಟಲನ್ನು ನೆಲಕ್ಕೆ ಕುಕ್ಕಿದ. "ಹೊಗೆ ಯಾಕೆ ಬತ್ತಿತ್ತ್ ಅಂತ ನಾನ್ ತಲೆ ಕೆಡಿಸ್ಕಂಡ್ ಕೂತಿದ್ದೆ. ಕಾರ್ ಓಡ್ದೆ ಇರ್ಲಿ ಅಂತ ಮಾಡಿದ್ಯಾ? ನಾನ್ ಮುಂಬೈಗೆ ಹೋಪುದು ಬೇಡ ಅಂತವಾ?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಆದರೆ ಅವನು ಹೋಗದಿದ್ದರೆ ಸಾಕು ಎಂದು ಅವಳು ಎಷ್ಟು ಸಲ ಬೇಡಿಕೊಂಡಿದ್ದಳೋ ಅವಳಿಗೇ ಗೊತ್ತು. ಕೈ ಮಾಡಿದ್ದು ಎಂಜಿನ್ ಉಳಿಯಲಿ ಅಂತಲೋ, ಮನಸ್ಸು ಮಾಡಿಸಿದ್ದು ಕೆಡಲಿ ಅಂತಲೋ? ಆ ಗಳಿಗೆಯಲ್ಲಿ ಅವಳಿಗೇ ತಿಳಿಯಲಿಲ್ಲ...

ಅವಳು ಸುಮ್ಮನಿದ್ದಳು. ಅವನು ಆ ಮೌನವನ್ನೇ ಉತ್ತರ ಅಂದುಕೊಂಡ.

ಮಧ್ಯಾಹ್ನದೊಳಗೆ ಕೆಂಪು ಕಾರು ಕೋಟಕ್ಕೆ ಹೋಯಿತು.

"ಎಂತ ಆಯ್ತ್ ಮಗಾ?" ಶೀನ ಕೇಳಿದರು.

"ಎಂತದೂ ಇಲ್ಲೆ ಅಪ್ಪಯ್ಯ."

"ಎಂತದೂ ಇಲ್ದೇ ಇದ್ರೆ ಆ ಲೇತಿಗೆ ಕಬ್ಬಿಣ ಕೊಡು. ಒಂದ್ ಗಂಟೆಯಿಂದ ಖಾಲಿ ತಿರುಗ್ತಿತ್ತ್."

ಸುಜನ್ ಟ್ಯಾಂಕು ತೊಳೆದು ಶುದ್ಧ ಪೆಟ್ರೋಲು ತುಂಬಿಸಿದ. ಹೊಗೆ ನಿಂತಿತು. ಬ್ರಹ್ಮಾವರದಿಂದ ಶಿರೂರಿನವರೆಗೆ ದಿನಕ್ಕೆರಡು ಸಲ ಓಡಿಸಿದ. ಟರ್ಬೊ ಸಿಳ್ಳೆ ಹಾಕಿದಾಗ ಗೆದ್ದೆ ಅನಿಸಬೇಕಿತ್ತು, ಅನಿಸಲಿಲ್ಲ. ಉಪ್ಪುಂದ ಬಂದಾಗ ಮಾತ್ರ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಹನ್ನೊಂದನೇ ದಿನ ಶಿರೂರಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಚಾಲೂ ಆಗಲೇ ಇಲ್ಲ.

ಎಂಜಿನ್ ಬಿಚ್ಚಿದಾಗ ಗೋಡೆಯ ತುಂಬ ಗೀರು. ಪಟ್ಟಿಗಳು ಸವೆದು ಹೋಗಿದ್ದವು. ಎಂಜಿನ್ ಮಾರಿದ ಮುಂಬೈಯವನಿಗೆ ಫೋನು ಮಾಡಿದ.

"ಎಣ್ಣೆ ಪೈಪು ಮುಚ್ಚಿದವರು ಯಾರು?" ಅವನು ಕೇಳಿದ. "ಈ ಎಂಜಿನ್ನಿಗೆ ಒಳಗೆ ಸುಡಲಿಕ್ಕೇ ಎಣ್ಣೆ ಬೇಕು. ಮುಚ್ಚಿದರೆ ಪೆಟ್ರೋಲಿಗಾದರೂ ಬೆರೆಸಬೇಕಿತ್ತು."

ಸುಜನ್ ಫೋನು ಇಟ್ಟ. ಒಂದು ತಿಂಗಳು ಆ ಎಂಜಿನ್ನು ಬದುಕಿದ್ದು ಯಾರ ಕೈಯಿಂದ ಅಂತ ಈಗ ಗೊತ್ತಾಯಿತು.

ಅವನು ಮೊದಲು ಮಂಜಯ್ಯನವರಿಗೆ ಫೋನು ಮಾಡಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಆಮೇಲೆ ಉಪ್ಪುಂದದ ಬಸ್ಸು ಹತ್ತಿದ.

ಲೇತಿನ ಮುಂದಿದ್ದ ವಿನಯಾ ತಲೆ ಎತ್ತಲಿಲ್ಲ.

"ಅಪ್ಪಯ್ಯ ಒಳ್ಗಿದ್ರ್."

"ನಿನ್ನ ಹತ್ರವೇ ಮಾತಾಡ್ಕಿತ್ತ್."

ಅವನು ಎಲ್ಲವನ್ನೂ ಹೇಳಿದ. ಪೈಪು, ಗೀರು, ಫೋನು. "ಅವತ್ತು ನೀನ್ ಯಾಕೆ ಹೇಳಿಲ್ಲ? ಒಂದ್ ಮಾತು ಹೇಳಿದ್ರೆ..."

"ಹೇಳಿದ್ರೆ ನೀವ್ ಕೇಂತಿದ್ರ್ಯಾ?"

"ಇಲ್ಲ" ಎಂದ ಸುಜನ್ ಪ್ರಾಮಾಣಿಕವಾಗಿ.

ಅವಳು ಲೇತು ನಿಲ್ಲಿಸಿದಳು. "ನೀವ್ ಕೇಳಿದ್ದ್ರಲ್ಲಿ ಅರ್ಧ ಸತ್ಯ ಇತ್ತ್. ಎಣ್ಣಿ ಹಾಕಿದ್ದು ಎಂಜಿನ್ ಹಾಳಾಗ್ದೆ ಇರ್ಲಿ ಅಂತ. ಆದ್ರೆ ಹಾಕುವಾಗೆಲ್ಲ ನೀವ್ ಹೋಪುದು ಬೇಡ ಅಂತ್ಲೂ ಬೇಡ್ಕಂತಿದ್ದೆ. ಅದಕ್ಕೆ ಇಲ್ಲ ಅನ್ನೂಕೆ ಬಾಯಿ ಬರ್ಲಿಲ್ಲ."

ಸುಜನ್ ಹೊರಗಿನ ರಸ್ತೆಯ ಕಡೆ ನೋಡಿದ.

"ಉಪ್ಪುಂದ ಬಂದಾಗೆಲ್ಲ ನಾನ್ ಯಾಕೆ ಬ್ರೇಕ್ ಹಾಕ್ತಿದ್ದೆ ಅಂತ ನಂಗೂ ಗೊತ್ತಿರ್ಲಿಲ್ಲ" ಎಂದ. "ಈಗ ಗೊತ್ತಾಯ್ತ್. ನಂಗೆ ನೀನ್ ಬೇಕ್, ವಿನಯಾ."

"ಮುಂಬೈ?"

"ಮಾವ ಸಿಟ್ಟಲ್ಲಿ ಫೋನ್ ಇಟ್ರ್. ಗ್ಯಾರೇಜು ಬೇರೆಯವ್ರಿಗೆ ಕೊಡ್ತೆ ಅಂದ್ರ್."

"ಬೇಜಾರಿತ್ತಾ?"

"ಇತ್ತ್" ಎಂದ ಅವನು. "ಆದ್ರೆ ಬಸ್ಸಿನಲ್ಲಿ ಬಪ್ಪಾಗ ಹೆದ್ರಿಕೆ ಆದದ್ದು ಅದಕ್ಕಲ್ಲ. ನೀನ್ ಮಾತಾಡ್ದೇ ಇದ್ರೆ ಎಂತ ಮಾಡೂದು ಅಂತ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋದರೆ ಕೈ ತುಂಬ ಗ್ರೀಸು. ಅವನು ತನ್ನ ಕರವಸ್ತ್ರದಿಂದ ಮೆಲ್ಲಗೆ ಒರೆಸಿದ.

"ಅಪ್ಪಯ್ಯನಿಗೆ ಕಾಂತ್" ಎಂದಳು ಅವಳು.

"ಕಣ್ಣಿನ ಆಪರೇಶನ್ ಆಯ್ತಲ್ಲ."

ಒಳಗಿನಿಂದ ಶೀನ ಕೆಮ್ಮಿದರು. "ಆಪರೇಶನ್ ಆದದ್ದು ಕಾಂಬುಕೇ ಮಾರಾಯಾ."

ಆ ಫೆಬ್ರವರಿಯಲ್ಲಿ ಕೆಂಪು ಕಾರು ಮೆರವಣಿಗೆಗೆ ಹೋಗಲಿಲ್ಲ. ಸುಜನ್‌ಗೆ ಮುಂಬೈಯ ಗ್ಯಾರೇಜು ಕೈತಪ್ಪಿತು. ವಿನಯಾ ಸಿಕ್ಕಳು.