ಮಾಸ್ಕಿನ ಹಿಂದಿನ ಪ್ರಾರ್ಥನೆ

ನಾನು ದೆವ್ವಗಿವ್ವ ನಂಬುವವನಲ್ಲ. ನಿಜ ಹೇಳಬೇಕೆಂದರೆ, ಆಗ ದೇವರನ್ನೂ ನಂಬುತ್ತಿರಲಿಲ್ಲ. ಐದು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಎಂದ ದಿನವೇ ಆ ನಂಬಿಕೆ ಹೋಗಿತ್ತು. ಹೆಂಡತಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಸೋಂಕು ತಗಲೀತೆಂದು ಆಸ್ಪತ್ರೆಯಲ್ಲಿ ಮಗುವಿನ ಕೋಣೆಗೆ ಒಮ್ಮೆಗೆ ಒಬ್ಬರನ್ನೇ, ಮಾಸ್ಕ್ ಹಾಕಿಸಿ ಬಿಡುತ್ತಿದ್ದರು. ಬೆಳಿಗ್ಗೆ ಹೆಂಡತಿ, ಮಧ್ಯಾಹ್ನ ನಾನು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲೇಬೇಕೆಂದು ಅವಳ ಕಟ್ಟಪ್ಪಣೆ. ಕೂದಲುದುರಿದ ಆ ತಲೆಯ ಮೇಲೆ ಕೈಯಿಟ್ಟು, ಮಾಸ್ಕಿನ ಹಿಂದೆ ನಾನು ಸುಮ್ಮನೆ ಕೂರುತ್ತಿದ್ದೆ. ಯಾರಿಗೆ ಗೊತ್ತಾಗುತ್ತದೆ?

ಒಂದು ದಿನ ಮಗಳು ಕಣ್ಣು ಮುಚ್ಚಿಕೊಂಡೇ, "ಅಪ್ಪಾ, ಸ್ವಲ್ಪ ಮೆಲ್ಲಗೆ ಹೇಳು. ತಲೆ ನೋಯ್ತಿದೆ," ಎಂದಳು.

ನಾನು ತುಟಿ ಪಿಟಕ್ ಎಂದಿರಲಿಲ್ಲ. ಆದರೆ ಕೈಯಡಿಯಲ್ಲಿ ಅವಳ ತಲೆ, ಪಕ್ಕದಲ್ಲೇ ಯಾರೋ ದಪ್ಪ ದನಿಯಲ್ಲಿ ಮಾತಾಡುತ್ತಿರುವಂತೆ ಸಣ್ಣಗೆ ಅದುರುತ್ತಿತ್ತು. ನನ್ನ ಮಾಸ್ಕಿನ ಒಳಗೆಲ್ಲ ತಣ್ಣಗೆ ಒದ್ದೆಯಾಗಿತ್ತು.

ಹೊರಗೆ ಬಂದರೆ ಹೆಂಡತಿ ಬಾಗಿಲ ಬಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎಲ್ಲಾ ಕೇಳಿಸ್ತು ರೀ. ನಿಮಗಿರೋ ನಂಬಿಕೆ ನನಗೂ ಇಲ್ಲ."

ನಾನು ತಲೆ ತಗ್ಗಿಸಿದೆ. ಅವಳದನ್ನು ವಿನಯ ಅಂದುಕೊಂಡಳು.

ಮಗಳು ಗುಣವಾಗಿ ಮನೆಗೆ ಬಂದಳು. ಆ ಸಂಜೆ ನಾಚಿಕೆ ತಡೆಯಲಾರದೆ, ಹೊಸದಾಗಿ ಚಿಗುರಿದ ಕೂದಲ ಮೇಲೆ ಕೈಯಿಟ್ಟು, ಮೊದಲ ಸಲ ಬಾಯಿಬಿಟ್ಟು, ಮನಸಾರೆ ಪ್ರಾರ್ಥಿಸಿದೆ. ಅವಳು ಅರ್ಧಕ್ಕೇ ನನ್ನ ಕೈ ಸರಿಸಿದಳು.

"ಈ ದನಿ ಬೇಡಪ್ಪಾ. ಆಸ್ಪತ್ರೇಲಿ ಹೇಳ್ತಿದ್ದ ದನೀಲಿ ಹೇಳು."

ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ, ಆ ದನಿಗೇ ಕಾಯುತ್ತಿದ್ದವಳಂತೆ, ಕಣ್ಣು ಮುಚ್ಚಿಕೊಂಡಳು.