ಏಳನೇ ಪ್ಲೇಟಿನ ಹುಳು

"ಮೆಲ್ಲಗೆ ಮುಟ್ಟು, ತಿವೀಬೇಡ," ಎಂದಳು ಚಿಕ್ಕಮ್ಮ.

ಚಿಕ್ಕಮ್ಮನ ಲ್ಯಾಬಿನಲ್ಲಿ ಗುಬ್ಬಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಸದಾ ಚಿಲಿಪಿಲಿ ಎನ್ನುವುದಕ್ಕೇ ಮನೆಯಲ್ಲಿ ಅವಳಿಗೆ ಆ ಹೆಸರು. ಇವತ್ತು ಮಾತ್ರ ಬಾಯಿಗೆ ಬೀಗ. ಕೈಯಲ್ಲೊಂದು ಕಡ್ಡಿ, ಅದರ ತುದಿಗೆ ಅಂಟಿಸಿದ್ದು ಚಿಕ್ಕಮ್ಮನದೇ ರೆಪ್ಪೆಗೂದಲು. ಅದು ಮೃದು, ಹುಳುವಿಗೆ ಗಾಯವಾಗುವುದಿಲ್ಲವಂತೆ. ಮುಟ್ಟಿದಾಗ ಅಲುಗಿದರೆ ಹುಳು ಬದುಕಿದೆ. ಮೂರು ಸಲ ಮುಟ್ಟಿದರೂ ಅಲುಗದಿದ್ದರೆ ಸತ್ತಿದೆ. ಹುಳು ಸಾಕಿದ ಪುಟ್ಟ ತಟ್ಟೆಗಳಿಗೆ ಇಲ್ಲಿ ಪ್ಲೇಟು ಎನ್ನುತ್ತಾರೆ. ಆರು ಪ್ಲೇಟುಗಳವರೆಗೂ ಗುಬ್ಬಿ ಹೇಳಿದ್ದೆಲ್ಲ ಸರಿಯಿತ್ತು. ಹಾಗಾಗಿ ಚಿಕ್ಕಮ್ಮ ಈಗ ತಾನು ನೋಡದೆ ಸುಮ್ಮನೆ ಬರೆದುಕೊಳ್ಳುತ್ತಿದ್ದಳು.

ಈ ಹುಳುಗಳ ಆಯಸ್ಸು ಮೂರೇ ವಾರ. ಕೆಲವು ಪ್ಲೇಟುಗಳಲ್ಲಿ ಒಂದು ಜೀನ್ ಬದಲಾಯಿಸಿದ ಹುಳುಗಳಿದ್ದವು. ಅವು ಹೆಚ್ಚು ದಿನ ಬದುಕುತ್ತವೆಯೇ ಎಂದು ನೋಡಬೇಕಿತ್ತು. ಆದರೆ ಪ್ಲೇಟುಗಳ ಮೇಲೆ ಬರೀ ನಂಬರು. ಯಾವುದರಲ್ಲಿ ಯಾವ ಹುಳು ಎಂಬ ಪಟ್ಟಿ ಪಕ್ಕದ ಕೋಣೆಯ ಮೇಡಂ ಅವರ ಬೀರುವಿನಲ್ಲಿ ಭದ್ರವಾಗಿತ್ತು. ತನ್ನ ಪ್ರಯೋಗದ ಗುಟ್ಟು ತನಗೇ ಗೊತ್ತಿಲ್ಲದ ವಿಜ್ಞಾನಿಯನ್ನು ಕಂಡು ಗುಬ್ಬಿಗೆ ನಗು ಬಂದಿತ್ತು.

ಅಲ್ಲಿಯವರೆಗೆ ನೋಡಿದ್ದರಲ್ಲಿ ಏಳನೇ ಪ್ಲೇಟಿನಲ್ಲೇ ಹೆಚ್ಚು ಹುಳುಗಳು ಬದುಕಿದ್ದವು. ಜೀನ್ ಬದಲಾಯಿಸಿದ ಹುಳುಗಳೇ ಇವು ಎಂದು ಗುಬ್ಬಿ ತೀರ್ಮಾನಿಸಿದಳು. ಇವು ಗೆದ್ದರೆ ಮುಂದೆ ಔಷಧಿ ಬರುತ್ತದೆ, ಅಜ್ಜಿ ತುಂಬಾ ವರ್ಷ ಇರುತ್ತಾಳೆ. ಈಚೆಗೆ ಅಜ್ಜಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು.

ಅಂಚಿನಲ್ಲಿದ್ದ ಒಂದು ಹುಳುವನ್ನು ಮುಟ್ಟಿದಳು. ಅಲುಗಲಿಲ್ಲ. ಮತ್ತೆ ಮುಟ್ಟಿದಳು. ಮೂರನೇ ಸಲವೂ ಇಲ್ಲ.

"ಬದುಕಿದೆ," ಎಂದಳು ಗುಬ್ಬಿ.

ಚಿಕ್ಕಮ್ಮ ಬರೆದುಕೊಂಡಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಗುಬ್ಬಿಗೆ ಹಾಗೇ ಆಯಿತು. ಎಂಟನೇ ಪ್ಲೇಟು ಮುಂದಿದ್ದರೂ ಏನೂ ಕಾಣಲಿಲ್ಲ. ಕೊನೆಗೆ ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟಳು, ಅಜ್ಜಿಯ ವಿಷಯವನ್ನೂ.

ಚಿಕ್ಕಮ್ಮ ಬೈಯಲಿಲ್ಲ. ತಾನೇ ಆ ಹುಳುವನ್ನು ಮೂರು ಸಲ ಮುಟ್ಟಿ ನೋಡಿದಳು. ಬರೆದದ್ದನ್ನು ಹೊಡೆದು ಹಾಕಿ ಸರಿಮಾಡಿದಳು.

"ನಿಂಗೆ ಅಜ್ಜಿ ಆದ್ರೆ, ನಂಗೆ ಅವಳು ಅಮ್ಮ ಕಣೇ. ನಂಗೂ ಆಸೆ ಇರಲ್ವಾ? ಪಟ್ಟಿ ನನ್ನ ಹತ್ರನೇ ಇದ್ದಿದ್ರೆ, ಸತ್ತ ಹುಳು ನಂಗೂ ಅಲುಗಿದ ಹಾಗೇ ಕಾಣ್ತಿತ್ತು. ಅದಕ್ಕೇ ಪಟ್ಟಿ ನೀವೇ ಮಾಡಿ ಇಟ್ಕೊಳ್ಳಿ ಅಂತ ಮೇಡಂಗೆ ನಾನೇ ಹೇಳಿದ್ದು."

ಗುಬ್ಬಿ ಚಿಕ್ಕಮ್ಮನ ಮುಖವನ್ನೇ ನೋಡಿದಳು. ಪಟ್ಟಿಯನ್ನು ಮೇಡಂ ಬಚ್ಚಿಟ್ಟಿರಲಿಲ್ಲ. ಚಿಕ್ಕಮ್ಮನೇ ಅದನ್ನು ತನ್ನಿಂದ ದೂರ ಇಡಿಸಿದ್ದಳು.

ಎಂಟನೇ ಪ್ಲೇಟಿನಲ್ಲೂ ಒಂದು ಹುಳು ಸುಮ್ಮನೆ ಬಿದ್ದಿತ್ತು. ಗುಬ್ಬಿ ಮೂರು ಸಲ ಮುಟ್ಟಿದಳು. ಇನ್ನೂ ಸ್ವಲ್ಪ ಹೊತ್ತು ಕಾದಳು. ಹೇಳಲು ಮನಸ್ಸೇ ಬರಲಿಲ್ಲ.

"ಸತ್ತಿದೆ ಚಿಕ್ಕಮ್ಮ," ಎಂದಳು. "ಬರ್ಕೋ."